ಆರತಕ್ಷತೆಯಲ್ಲಿ ಅರ್ಧ ಮನೆ ಇಳಿಸಿದ್ದು

ನಮ್ಮ ಮೈಸೂರಿನಲ್ಲಿ ಮೈಕು ಕೈಗೆ ಸಿಕ್ಕಿದವರೆಲ್ಲ ಮೊದಲು ಕೇಳುವುದು ಒಂದೇ ವರ: "ಸಾರ್, ಸ್ವಲ್ಪ ಎಕೋ ಜಾಸ್ತಿ ಕೊಡಿ." ಹಾಡುವವರು ಕೇಳಿದರೆ ಕೇಳಿಕೊಳ್ಳಲಿ, ಗಂಟಲಿನ ಸಂಕಟ ಅವರಿಗೇ ಗೊತ್ತು. ಆದರೆ "ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು" ಎಂದು ಸಾರುವವರಿಗೂ ಎಕೋ ಬೇಕು. ಛತ್ರದ ಗೇಟಿಗೆ ಅಡ್ಡ ನಿಲ್ಲಿಸಿದ ಕಾರಿನ ನಂಬರು ಓದುವವರಿಗೂ ಬೇಕು. ಒಮ್ಮೆ ಶ್ರದ್ಧಾಂಜಲಿ ಸಭೆಯೊಂದರಲ್ಲಿ ಹಿರಿಯರೊಬ್ಬರು ಹಟ ಹಿಡಿದು ಎಕೋ ಹಾಕಿಸಿಕೊಂಡು "ಅವರು ಇಂದು ನಮ್ಮೊಂದಿಗಿಲ್ಲ" ಅಂದರು. ಇಲ್ಲ, ಇಲ್ಲ, ಇಲ್ಲ ಎಂದು ಸಭಾಂಗಣದ ಮೂಲೆಮೂಲೆಯೂ ಒಪ್ಪಿಕೊಂಡಿತು. ಪಾಪ, ಆ ಪುಣ್ಯಾತ್ಮರು ಒಂದೇ ಸಂಜೆ ನಾಲ್ಕು ಸಲ ಸತ್ತರು.

ಈ ಎಕೋ ದಯಪಾಲಿಸುವ ಮಹಾನುಭಾವ ನಾನೇ. ಹುಟ್ಟಿದ್ದು ಲಷ್ಕರ್ ಮೊಹಲ್ಲಾದಲ್ಲಿ, ಬೆರಳು ಪಳಗಿದ್ದು ಚರ್ಚಿನ ಹಳೇ ಹಾರ್ಮೋನಿಯಮ್ಮಿನ ಮೇಲೆ, ಈಗ ಇರುವುದು ಬೋಗಾದಿಯ ಒಂದು ಲೇಔಟಿನಲ್ಲಿ. ವಾರವೆಲ್ಲ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ, ಶನಿವಾರ ಸಂಜೆ ಯಾರದೋ ಆರತಕ್ಷತೆ, ಭಾನುವಾರ ಬೆಳಗ್ಗೆ ಬಲಿಪೂಜೆ. ಮೂರಕ್ಕೂ ಒಂದೇ ಕೀಬೋರ್ಡು. ಅರೇಂಜರ್ ಕೀಬೋರ್ಡ್ ಅನ್ನುತ್ತಾರೆ ಇದಕ್ಕೆ. ಎಡಗೈಯ ಮೂರು ಬೆರಳು ಊರಿದರೆ ಸಾಕು, ಡ್ರಮ್ಮು, ಬೇಸು, ಗಿಟಾರು ಎಲ್ಲ ತಮ್ಮಷ್ಟಕ್ಕೆ ತಾವೇ ಶುರುವಾಗುತ್ತವೆ. ಬಲಗೈಗೆ ಸಾವಿರಕ್ಕೂ ಮೇಲೆ ಟೋನುಗಳಿವೆ. ಪಿಟೀಲು, ಶಹನಾಯಿ, ವೀಣೆ, ನಾಗಸ್ವರ ಇವೆಯೆಂದರೆ ಸರಿ. ಹೆಲಿಕಾಪ್ಟರ್ ಇದೆ, ಬಂದೂಕಿನ ಢಂ ಇದೆ. ಚಪ್ಪಾಳೆಯ ಟೋನು ಕೂಡ ಇದೆ. ಅನುಭವದಿಂದ ಹೇಳುತ್ತೇನೆ, ನಮ್ಮ ಛತ್ರಗಳಲ್ಲಿ ಜನ ತಟ್ಟುವ ಚಪ್ಪಾಳೆಗಿಂತ ಅದೇ ಎಷ್ಟೋ ವಾಸಿ.

ಇನ್ನು ಮೈಕನ್ನು ಅದರ ಬೆನ್ನಿಗೆ ಚುಚ್ಚಿಬಿಟ್ಟರಂತೂ ಕೇಳಲೇಬೇಡಿ. ಒಬ್ಬನ ದನಿ ಮೂವರದಾಗುತ್ತದೆ. ಬಚ್ಚಲಲ್ಲಿ ಹಾಡುವವನು ದೊಡ್ಡ ಮೈದಾನದಲ್ಲಿ ಹಾಡಿದಂತೆ ಕೇಳಿಸುತ್ತಾನೆ. ಗಂಡಸನ್ನು ಹೆಂಗಸು ಮಾಡುವ ಬಟನ್ನೂ ಉಂಟು. ಒಂದು ಹುಟ್ಟುಹಬ್ಬದಲ್ಲಿ ಗೊತ್ತಿಲ್ಲದೆ ಒತ್ತಿ ಒಬ್ಬ ಸರ್ಕಲ್ ಇನ್‌ಸ್ಪೆಕ್ಟರ ಕೋಪಕ್ಕೆ ಗುರಿಯಾಗಿದ್ದೇನೆ. ನನ್ನ ಹೆಂಡತಿ ಮಾತ್ರ ಈ ಯಾವುದಕ್ಕೂ ಮರುಳಾದವಳಲ್ಲ. "ನಿಮ್ದು ಸಂಗೀತ ಅಲ್ಲ ಕಣ್ರೀ, ಸ್ವಿಚ್ ಒತ್ತೋ ಕೆಲ್ಸ. ದಿನಾ ಬೆಳಗ್ಗೆ ಮಿಕ್ಸಿ ಸ್ವಿಚ್ ನಾನೂ ಒತ್ತುತೀನಿ, ನಂಗ್ಯಾರೂ ಶಾಲು ಹೊದಿಸಲ್ಲ" ಅನ್ನುತ್ತಾಳೆ.

ಮುಂಚೆ ನಾವು ಒಂಬತ್ತು ಜನರ ಆರ್ಕೆಸ್ಟ್ರಾ. ಒಂದು ಹಳೇ ಮೆಟಡೋರಿನಲ್ಲಿ ಡೋಲಕ್ಕಿನ ಮೇಲೆ ತಬಲ, ತಬಲದ ಮೇಲೆ ನಾವು ಎನ್ನುವ ಹಾಗೆ ತುಂಬಿಕೊಂಡು ಹೋಗುತ್ತಿದ್ದೆವು. ಆಮೇಲೆ ನಾನು ಈ ಪೆಟ್ಟಿಗೆ ತಂದೆ. ತಂದ ಮೇಲೆ ಒಬ್ಬೊಬ್ಬರಾಗಿ ಅದರ ಒಂದೊಂದು ಬಟನ್ನಿನೊಳಗೆ ಹೋಗಿ ಕೂತರು. ಮೊದಲು ಡ್ರಮ್ಮಿನವನು ಹೋದ, ಆಮೇಲೆ ಡೋಲಕ್ಕು, ಆಮೇಲೆ ಪಿಟೀಲು. ಹೋದವರೆಲ್ಲ ನನ್ನನ್ನು ಬಾಯಿಗೆ ಬಂದಂತೆ ಬೈದೇ ಹೋದರು. ಬೈಯದೆ ಹೋದವನು ಒಬ್ಬನೇ, ನಮ್ಮ ಕೊಳಲಿನವನು.

ಅವನು ಶಿವಭಕ್ತರ ಮನೆತನದವನು. ಅವನಪ್ಪ ಮಠದ ಭಜನೆಗೆ ಊದುತ್ತಿದ್ದರು, ಇವನು ಅದನ್ನೇ ಕಲಿತು ಸಿನಿಮಾ ಹಾಡಿಗೆ ಬಂದವನು. ಕೊಳಲಿಗೆ ಒಂದು ಕಷ್ಟವಿದೆ. ಬಿದಿರಿಗೆ ತೂತು ಕೊರೆದ ದಿನವೇ ಅದರ ಶ್ರುತಿ ತೀರ್ಮಾನವಾಗಿ ಹೋಗುತ್ತದೆ. ಆಮೇಲೆ ತಲೆಕೆಳಗಾಗಿ ನಿಂತರೂ ಬದಲಾಗದು. ಹಾಡುವವರ ಗಂಟಲು ಒಂದೊಂದು ದಿನ ಒಂದೊಂದು ಥರ. "ಅರ್ಧ ಮನೆ ಇಳಿಸಿ" ಅನ್ನುತ್ತಾರೆ, ಅಂದರೆ ಹಾರ್ಮೋನಿಯಮ್ಮಿನಲ್ಲಿ ಈಗಿರುವ ಮನೆಯಿಂದ ಪಕ್ಕದಲ್ಲೇ ಇರುವ ಕೆಳಗಿನ ಮನೆಗೆ ಶ್ರುತಿ ತನ್ನಿ ಅಂತ. ಆಗ ಇವನು ಬೆನ್ನ ಚೀಲಕ್ಕೆ ಕೈಹಾಕಿ, ಒಂದು ಡಜನ್ ಕೊಳಲಿನಲ್ಲಿ ಬೇಕಾದ್ದನ್ನು ಕಣ್ಣುಮುಚ್ಚಿ ಎಳೆಯುತ್ತಿದ್ದ. ನನ್ನ ಪೆಟ್ಟಿಗೆಗೆ ಆ ತಾಪತ್ರಯವಿಲ್ಲ. ಟ್ರಾನ್ಸ್‌ಪೋಸ್ ಅನ್ನುವ ಬಟನ್ನನ್ನು ಒಂದು ಸಲ ಒತ್ತಿದರೆ ಇಡೀ ಪೆಟ್ಟಿಗೆಯೇ ಅರ್ಧ ಮನೆ ಕೆಳಗಿಳಿದು ಕೂರುತ್ತದೆ, ನನ್ನ ಬೆರಳು ಅದೇ ಜಾಗದಲ್ಲಿ ಆಡುತ್ತಿರುತ್ತವೆ. ಶ್ರುತಿ ಬದಲಾಯಿತೆಂದು ನನಗೇ ನೆನಪಿರುವುದಿಲ್ಲ.

ಪೆಟ್ಟಿಗೆ ಹೊಸದಾಗಿ ಬಂದಾಗ ಅದರ ಕೊಳಲು ಟೋನು ಪ್ರೆಷರ್ ಕುಕ್ಕರಿನ ಸೀಟಿಯ ಹಾಗಿತ್ತು. ಅದನ್ನು ಕೇಳಲಾರದೆ ಇವನೇ ನನ್ನ ಪಕ್ಕ ಕೂತ. "ಅಂಗಲ್ಲ ಕಣೋ, ಸ್ವರಕ್ಕೆ ನೇರ ಬೀಳಬ್ಯಾಡ. ಕೆಳಗಿಂದ ಜಾರ್ಕೊಂಡ್ ಬಾ. ಆ ಸ್ವರ ಜಾರ್ಸೋ ಚಕ್ರ ಐತಲ್ಲ, ಅದನ್ನ ಒಂಚೂರು ತಿರುಗ್ಸು. ಅಷ್ಟಲ್ಲ! ಒಂಚೂರು!" ಎಂದು ಒಂದು ತಿಂಗಳು ತಲೆ ತಿಂದ. ಎಲ್ಲಿ ನಡುಗಿಸಬೇಕು, ಎಲ್ಲಿ ಸುಮ್ಮನಿರಬೇಕು, ಯಾವ ಹಾಡಿನ ಯಾವ ತಿರುವಿನಲ್ಲಿ ಬೆರಳು ಎಳೆಯಬೇಕು, ಎಲ್ಲವನ್ನೂ ಹೇಳಿಕೊಟ್ಟ. ನಾನು ಕಲಿತೆ. ಎಷ್ಟು ಚೆನ್ನಾಗಿ ಕಲಿತೆ ಎಂದರೆ, ಅದು ಮುಗಿದ ಎರಡೇ ತಿಂಗಳಿಗೆ ಅವನಿಗೆ ಫೋನು ಮಾಡಿ, "ಈ ಸಲ ಬರ್ಬೇಡ ಕಣೋ, ಸ್ಟೇಜ್ ಚಿಕ್ಕದಂತೆ" ಅಂದೆ. ಸ್ಟೇಜು ಚಿಕ್ಕದಾಗಿರಲಿಲ್ಲ. ಮುಂದಿನ ಸಲ ನಾನು ಸುಳ್ಳು ಹೇಳಬೇಕಾಗಲಿಲ್ಲ, ಅವನೇ ಕೇಳಲಿಲ್ಲ.

ಅವನು ಕಡಕೊಳದ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗ ಸೇರಿಕೊಂಡ. ಅಟ್ಟದ ಮೇಲಿಟ್ಟ ಕೊಳಲುಗಳು ಬಿರುಕುಬಿಟ್ಟು ಒಂದೊಂದಾಗಿ ಒಲೆಗೆ ಹೋದವು, ಒಂದನ್ನು ಬಿಟ್ಟು. ಆ ಒಂದನ್ನು ಬೆಳಗ್ಗೆ ಶಿಫ್ಟಿನ ಬಸ್ಸು ಬರುವುದಕ್ಕೆ ಮೊದಲು ಹಿತ್ತಲಲ್ಲಿ ನಿಂತು ಊದುತ್ತಾನೆ ಎಂದು ಕೇಳಿದ್ದೆ. ನಾವು ಆಗೀಗ ಮಾರ್ಕೆಟ್ಟಿನಲ್ಲಿ ಸಿಕ್ಕರೆ ಕಾಫಿ ಕುಡಿಯುತ್ತಿದ್ದೆವು. ಅವನು ಕಾರ್ಖಾನೆಯ ಮಾತಾಡುತ್ತಿದ್ದ, ನಾನು ಸಕ್ಕರೆ ಕಾಯಿಲೆಯ ಮಾತಾಡುತ್ತಿದ್ದೆ. ಕೊಳಲಿನ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಮಗಳ ಮದುವೆಯ ಕರೆಯೋಲೆ ಹಿಡಿದು ನಮ್ಮ ಮನೆಗೆ ಬಂದ. ಆರತಕ್ಷತೆಗೆ ಕೀಬೋರ್ಡು ನನ್ನದೇ ಅಂತ ಗಂಡಿನ ಕಡೆಯವರು ಗೊತ್ತುಮಾಡಿದ್ದು ಅವನಿಗೆ ತಿಳಿದಿತ್ತು. ಕಾಫಿ ಲೋಟ ಕೆಳಗಿಟ್ಟು, ನೆಲ ನೋಡುತ್ತ ಹೇಳಿದ:

"ಒಂದ್ ಹಾಡಿಗೆ ನಾನ್ ಊದ್ಲಾ? ಒಂದೇ ಒಂದು. ನನ್ ಮಗಳು ನನ್ನ ಸ್ಟೇಜ್ ಮ್ಯಾಲೆ ನೋಡೇ ಇಲ್ಲ ಕಣೋ. ಅವ್ಳು ಎಲ್‌ಕೆಜಿ ಇದ್ದಾಗ್ಲೇ ನಿಂತೋಯ್ತಲ್ಲ. ಮನೇಲಿ ಊದೋದು ಬುಡು, ಅದು ಬ್ಯಾರೆ. ಜನದ್ ಮುಂದೆ, ಮೈಕಲ್ಲಿ, ಒಂದ್ಸಲ ಕೇಳಿಸ್ಬೇಕು ಅವ್ಳಿಗೆ. ನಾಳೆ ಇನ್ನೊಂದ್ ಮನೆಗ್ ಹೋಯ್ತಾಳೆ."

ಎಂಥ ಕಲ್ಲೆದೆಯವನಾದರೂ ಇಲ್ಲ ಅನ್ನಲಾರ. "ಒಂದ್ಯಾಕೋ, ಮೂರ್ ಹಾಡು ಊದು" ಎಂದು ಜೋರು ಮಾಡಿದೆ. "ಮೂರಕ್ಕೆ ದಮ್ಮಿಲ್ಲ ಮಾರಾಯ, ಒಂದೇ ಸಾಕು" ಅಂದ.

ಅವನ ಬಳಿ ಉಳಿದಿದ್ದು ಒಂದೇ ಕೊಳಲಾದ್ದರಿಂದ ಆ ಕೊಳಲಿನ ಶ್ರುತಿಗೆ ಹೊಂದುವ ಒಂದು ಹಳೇ ಹಾಡು ಹುಡುಕಿದೆವು. ಶುರುವಿನಲ್ಲೇ ಉದ್ದನೆಯ ಕೊಳಲಿನ ತುಣುಕು ಇರುವ ಹಾಡು. ನನ್ನ ಪೆಟ್ಟಿಗೆಯ ಜೊತೆ ಈಗಲೂ ಹಾಡುವ ನಮ್ಮ ಗಾಯಕ ಅದನ್ನು ಅದೇ ಶ್ರುತಿಗೆ ಹಾಡಲು ಒಪ್ಪಿದ. ಇನ್ನು ನನ್ನ ಸಡಗರ ಕೇಳಿ. ಅವನ ಮೈಕನ್ನು ಸೌಂಡಿನವರಿಗೆ ಕೊಡುವುದೇ ಬೇಡ, ನನ್ನ ಪೆಟ್ಟಿಗೆಗೇ ಚುಚ್ಚಿ ನಾನೇ ನೋಡಿಕೊಳ್ಳುತ್ತೇನೆ ಎಂದೆ. ಎರಡು ಸಂಜೆ ಕೂತು ಅವನ ಕೊಳಲಿಗೆಂದೇ ಎಫೆಕ್ಟು ಹೊಂದಿಸಿದೆ. ದೊಡ್ಡ ಸಭಾಂಗಣದ ಗುಂಗು ಇಷ್ಟು, ಹಿಂದಿನಿಂದ ಮಾರ್ದನಿ ಅಷ್ಟು. ಅದನ್ನೊಂದು ಬಟನ್ನಿಗೆ ಸೇವ್ ಮಾಡಿ, ಪರದೆಯ ಮೇಲೆ ಅವನ ಹೆಸರನ್ನೇ ಬರೆದೆ. ಅಭ್ಯಾಸದ ದಿನ ಅವನು ಊದಿ, ತನ್ನ ದನಿ ಸ್ಪೀಕರಿನಿಂದ ತಿರುಗಿ ಬಂದಾಗ ಬೆಚ್ಚಿ, "ಯಾರ್ಲಾ ಅದು, ನಾನಾ?" ಅಂದ. ಅಡುಗೆಮನೆಯಿಂದ ನನ್ನ ಹೆಂಡತಿ ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತು ಕೇಳಿದಳು. ನನ್ನ ಮೂವತ್ತು ವರ್ಷದ ಸೇವೆಗೆ ಆ ಗೌರವ ಒಂದು ದಿನವೂ ಸಿಕ್ಕಿಲ್ಲ.

ಆರತಕ್ಷತೆಯ ಸಂಜೆ ಬಂತು. ಹುಡುಗಿ ಮಂಟಪದ ಮೇಲೆ, ಸಿಂಹಾಸನದಂಥ ಕುರ್ಚಿಯಲ್ಲಿ. ಅವಳ ಎಡಕ್ಕೆ ಹತ್ತು ಹೆಜ್ಜೆ ದೂರದಲ್ಲಿ ನಾನು ಮತ್ತು ನನ್ನ ಪೆಟ್ಟಿಗೆ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಹುಡುಗನ ಸೋದರಮಾವನವರು ಮೈಕು ಹಿಡಿಯುವ ತನಕ.

ಈ ಸೋದರಮಾವಂದಿರ ಜಾತಿಯೇ ಒಂದು ಬೇರೆ. ಪ್ರತಿ ಮದುವೆಗೂ ಒಬ್ಬರಿರುತ್ತಾರೆ. ಫೋನಿನಲ್ಲಿ ಕರೋಕೆ ಹಾಡಿ ಹಾಡಿ, ಬಂಧುಗಳು ಒತ್ತಿದ ಹೆಬ್ಬೆರಳುಗಳನ್ನು ನಂಬಿ, ಸ್ವಂತ ಮೈಕು ಕೊಂಡಿರುತ್ತಾರೆ. ಇವರದು ಬಂಗಾರದ ಬಣ್ಣದ್ದು, ಮಖಮಲ್ಲಿನ ಡಬ್ಬಿಯಲ್ಲಿ ಮಲಗಿತ್ತು. ಅದನ್ನು ಬಾಣಂತಿಯ ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಸೌಂಡಿನವರಿಗೆ ಕೊಟ್ಟು, "ಎಕೋ ಜಾಸ್ತಿ ಇರ್ಲಿ" ಎಂದು ಅಪ್ಪಣೆ ಮಾಡಿ, ಮೇಲಿಂದ ಮೇಲೆ ನಾಲ್ಕು ಹಾಡು ಹಾಡಿದರು. ಹುಡುಗ ಕಣ್ಣು ಮುಚ್ಚಿಕೊಂಡಿದ್ದ. ಆನಂದಕ್ಕೆಂದು ನಾನು ಭಾವಿಸಿದೆ.

ನಮ್ಮ ಕೊಳಲಿನವನು ಹೊಸ ಬಿಳಿ ಪಂಚೆ, ರೇಷ್ಮೆ ಅಂಗಿಯಲ್ಲಿ ಬಂದು ನನ್ನ ಪಕ್ಕದ ಮೈಕಿನ ಮುಂದೆ ನಿಂತ. ಕೊಳಲನ್ನು ಅಂಗವಸ್ತ್ರದಲ್ಲಿ ಸುತ್ತಿ ತಂದಿದ್ದ. ನಿರೂಪಕಿ, "ಈಗ ವಧುವಿನ ತಂದೆಯವರು ಕೊಳಲು ನುಡಿಸಲಿದ್ದಾರೆ" ಎಂದು ಸಾರಿದಳು. ಮಗಳು ಥಟ್ಟನೆ ಕುರ್ಚಿಯ ಅಂಚಿಗೆ ಬಂದು ಕೂತಳು. ಕೈಕುಲುಕಲು ಬಂದವರನ್ನು "ಒಂದ್ನಿಮಿಷ ಆಂಟಿ" ಎಂದು ತಡೆದದ್ದನ್ನು ನಾನೇ ನೋಡಿದೆ. ನಮ್ಮ ಗಾಯಕ ಮೈಕಿನತ್ತ ಹೆಜ್ಜೆ ಇಡುವಷ್ಟರಲ್ಲಿ ಸೋದರಮಾವನವರು ಅಡ್ಡ ಬಂದರು.

"ಅಯ್ಯೋ, ಈ ಹಾಡಾ? ಇದು ನನ್ ಪ್ರಾಣ ಸಾರ್! ಬೀಗ್ರು ಕೊಳಲು, ನಾನು ಹಾಡು. ಎರಡೂ ಮನೆ ಸೇರಿದ ಹಂಗಾಯ್ತು ನೋಡಿ." ಜನ ಹೋ ಎಂದರು. ಅವರು ನನ್ನ ಕಡೆ ಬಾಗಿ, ದನಿ ತಗ್ಗಿಸಿ, "ಅರ್ಧ ಮನೆ ಇಳ್ಸಿ ಸಾರ್, ನಾಲ್ಕು ಹಾಡು ಹೇಳಿ ಗಂಟ್ಲು ಕಟ್ಟಿದೆ" ಅಂದರು.

ನಾನು ಇಳಿಸಿದೆ.

ಯೋಚನೆ ಮಾಡಿದೆನೋ ಎಂದು ಕೇಳಬೇಡಿ. ಸೊಳ್ಳೆ ಕಚ್ಚಿದ ಕಡೆ ಕೈ ಹೋಗುವ ಹಾಗೆ ಬೆರಳು ಟ್ರಾನ್ಸ್‌ಪೋಸ್ ಬಟನ್ನಿಗೆ ಹೋಯಿತು, ಒತ್ತಿತು, ಬಂತು. ಇಪ್ಪತ್ತು ವರ್ಷಗಳಿಂದ ಗಾಯಕರು "ಇಳ್ಸಿ" ಅಂದಾಗಲೆಲ್ಲ ಒತ್ತಿದ್ದೇನೆ. ಆ ಇಪ್ಪತ್ತು ವರ್ಷದಲ್ಲಿ ನನ್ನ ಪಕ್ಕ ನಿಜವಾದ ವಾದ್ಯ ಹಿಡಿದು ಒಬ್ಬನೂ ನಿಂತಿರಲಿಲ್ಲ. ನಿಲ್ಲದ ಹಾಗೆ ನೋಡಿಕೊಂಡವನು ನಾನೇ ತಾನೆ! ರಿದಮ್ಮು ಶುರು ಮಾಡಿ, ಎಡಗೈ ಊರಿ, ಅವನ ಕಡೆ ನೋಡಿ ತಲೆಯಾಡಿಸಿದೆ. ಅವನು ಕಣ್ಣು ಮುಚ್ಚಿ ಊದಿದ.

ಅಯ್ಯೋ ದೇವರೇ. ನನ್ನ ಪೆಟ್ಟಿಗೆ ಅರ್ಧ ಮನೆ ಕೆಳಗೆ, ಅವನ ಕೊಳಲು ಅದರ ಜಾಗದಲ್ಲಿ. ಎರಡೂ ಡಿಕ್ಕಿ ಹೊಡೆದು ಎದ್ದ ಆ ಅಪಸ್ವರಕ್ಕೆ ನಾನು ಎರಡು ಸಂಜೆ ಕೂತು ಹೊಂದಿಸಿದ ದೊಡ್ಡ ಸಭಾಂಗಣದ ಗುಂಗು ಬೇರೆ. ಬಾಗಿಲ ಸಂದಿಗೆ ಬಾಲ ಸಿಕ್ಕ ಬೆಕ್ಕು ಛತ್ರದ ತುಂಬ ಕೂಗಿದಂತಾಯಿತು. ಊಟದ ಮನೆಗೆ ಹೊರಟವರು ತಿರುಗಿ ನೋಡಿದರು. ಮುಂದಿನ ಸಾಲಿನ ಹೆಂಗಸೊಬ್ಬರು ಮುಖ ಕಿವುಚಿದರು. ಅವನು ಕೊಳಲನ್ನು ತುಟಿಯಿಂದ ತೆಗೆದ. ತೆಗೆದು, ನನ್ನ ಮುಖ ನೋಡಲಿಲ್ಲ. ಕೊಳಲಿನ ಮುಖ ನೋಡಿದ. ತಪ್ಪು ತನ್ನದೇ ಎಂದುಕೊಂಡ ಕಣ್ರೀ ಆ ಪುಣ್ಯಾತ್ಮ!

ಬಟನ್ನು ಮತ್ತೆ ಒತ್ತಿ ಶ್ರುತಿ ಏರಿಸಬಹುದಿತ್ತು. ಏರಿಸಿದರೆ ಸೋದರಮಾವನವರ ಗಂಟಲು ಇಡೀ ಬಳಗದ ಮುಂದೆ ಒಡೆದು, ಹೆಣ್ಣಿನ ಕಡೆಯವರು ಬೇಕೆಂದೇ ಅವಮಾನ ಮಾಡಿದರು ಅಂತಾಗುತ್ತಿತ್ತು. ನಿಲ್ಲಿಸಿ, "ನನ್ನ ತಪ್ಪು, ಕ್ಷಮಿಸಿ" ಎಂದು ಮೊದಲಿನಿಂದ ಶುರು ಮಾಡಿ, ನಮ್ಮ ಗಾಯಕನನ್ನೇ ಹಾಡಲು ಕರೆಯಬಹುದಿತ್ತು. ಈಗ ಮನೆಯಲ್ಲಿ ಕಾಲು ಚಾಚಿ ಕೂತು ಯೋಚಿಸಿದರೆ ಸರಿಯಾದ ದಾರಿ ಅದೊಂದೇ. ಆದರೆ ನಾಲ್ಕು ಜನರ ಮುಂದೆ ತಪ್ಪು ಒಪ್ಪಿಕೊಳ್ಳುವ ಗಂಡಸುತನ ನನಗೆಲ್ಲಿಂದ ಬರಬೇಕು? ನನ್ನ ಎಡಗೈ ಪೆಟ್ಟಿಗೆಯ ಬೆನ್ನ ಕಡೆಗೆ ಹೋಗಿ ಅವನ ಮೈಕಿನ ತಿರುಗಣೆಯನ್ನು ಸೊನ್ನೆಗೆ ತಂದಿತು. ಬಲಗೈ ಕೊಳಲು ಟೋನು ಒತ್ತಿ, ಆ ತುಣುಕನ್ನು ನುಡಿಸಲು ಶುರು ಮಾಡಿತು.

ಅವನು ಅರ್ಥ ಮಾಡಿಕೊಂಡ. ಒಂದು ಗಳಿಗೆ ನನ್ನ ಬೆರಳುಗಳನ್ನು ನೋಡಿದ, ಆಮೇಲೆ ಕೊಳಲನ್ನು ಮತ್ತೆ ತುಟಿಗಿಟ್ಟುಕೊಂಡ. ಅವನ ಬೆರಳು ನನ್ನ ಸ್ವರಗಳ ಮೇಲೆ ಒಂದು ಕೂದಲೆಳೆಯೂ ತಪ್ಪದೆ ಆಡಿದವು. ನಾನು ಚಕ್ರ ತಿರುಗಿಸಿ ಜಾರಿಸಿದಲ್ಲಿ ಅವನ ಬೆರಳು ತೂತಿನ ಮೇಲೆ ಜಾರಿತು. ನಾನು ನಡುಗಿಸಿದಲ್ಲಿ ಅವನ ತಲೆ ನಡುಗಿತು. ತಪ್ಪುವುದಾದರೂ ಹೇಗೆ? ಪ್ರತಿಯೊಂದೂ ಅವನೇ ನನಗೆ ಕಲಿಸಿದ್ದು. ಅವನ ಮಗಳ ಆರತಕ್ಷತೆಯಲ್ಲಿ, ಅವಳು ಕುರ್ಚಿಯ ಅಂಚಿನಲ್ಲಿ ಕೂತು ನೋಡುತ್ತಿರುವಾಗ, ನನ್ನ ಗೆಳೆಯ ಉಸಿರು ಬಿಗಿಹಿಡಿದು ಕೊಳಲು ಊದುವ ನಾಟಕ ಆಡಿದ. ನಾನು ಆಡಿಸಿದೆ. ನನ್ನ ಬಾಳಿನಲ್ಲಿ ಅಷ್ಟು ಚೆನ್ನಾಗಿ ನಾನೆಂದೂ ಕೊಳಲು ನುಡಿಸಿರಲಿಲ್ಲ, ಥೂ.

ಹಾಡು ಮುಗಿಯಿತು. ಚಪ್ಪಾಳೆಯೋ ಚಪ್ಪಾಳೆ, ಈ ಸಲ ಟೋನಿನದಲ್ಲ, ಜನರದೇ. ಸೋದರಮಾವನವರು ಬೆವರು ಒರೆಸಿಕೊಂಡು ಬಂಗಾರದ ಮೈಕಿನಲ್ಲಿ ಘೋಷಿಸಿದರು: "ಬೀಗ್ರು ಇಷ್ಟ್ ಚೆನ್ನಾಗ್ ಊದ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ! ಮೊದ್ಲು ಒಂಚೂರು ಆಚೀಚೆ ಆಯ್ತು, ಗಾಬರಿ, ಸಹಜ. ಆಮೇಲ್ ನೋಡಿ, ಥೇಟ್ ಸಿ.ಡಿ. ಕೇಳ್ದಂಗಿತ್ತು!" ಕೇಳ್ದಂಗಿತ್ತು, ಗಿತ್ತು, ಗಿತ್ತು ಎಂದಿತು ಎಕೋ. ತಮಗೆಂದು ಯಾರೋ ತಂದಿದ್ದ ಮೈಸೂರು ಪೇಟ, ಶಾಲುಗಳನ್ನು ಅಲ್ಲೇ ತರಿಸಿ ಅವನಿಗೆ ತೊಡಿಸಿ ಹೊದಿಸಿದರು. ಪೇಟ ಒಂದು ಅಳತೆ ದೊಡ್ಡದಾಯಿತು, ಹುಬ್ಬಿನ ತನಕ ಇಳಿಯಿತು. ಅದರ ಕೆಳಗೆ ಅವನು ಕೈಮುಗಿದು ನಗುತ್ತಿದ್ದ. ಆ ನಗುವನ್ನು ನೋಡಲಾರದೆ ನಾನು ಪರದೆಯ ಕಡೆ ನೋಡಿದೆ. ಅಲ್ಲಿ ಅವನ ಹೆಸರು ಇನ್ನೂ ಹೊಳೆಯುತ್ತಿತ್ತು.

ಜನ ಊಟಕ್ಕೆ ಹೋದರು. ಅವನು ಪೇಟದ ಸಮೇತ ನನ್ನ ಹತ್ತಿರ ಬಂದ. ನಾನು, "ಲೋ, ಆ ಹಾಳಾದ್ ಬಟನ್ನು..." ಎಂದು ಬಾಯಿ ತೆಗೆದೆ. ಅವನು ನನ್ನ ಭುಜ ತಟ್ಟಿದ.

"ಬುಡು. ಬೀಗರ ಮುಂದೆ ಮಾನ ಉಳೀತು. ಅವ್ಳಿಗೂ ಖುಷಿ ಆಯ್ತು." ಹುಬ್ಬಿಗಿಳಿದ ಪೇಟವನ್ನು ಮೇಲಕ್ಕೆ ತಳ್ಳಿ, "ನಿನ್ ಕೊಳಲು ಬೋ ಚೆನ್ನಾಗಾಗದೆ ಕಣೋ" ಅಂದ. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಆ ರಾತ್ರಿಯ ಊಟವನ್ನಾದರೂ ನೆಮ್ಮದಿಯಾಗಿ ಮಾಡುತ್ತಿದ್ದೆ.

ನಾನು ವೈರುಗಳನ್ನು ಸುತ್ತಿ, ಪೆಟ್ಟಿಗೆಯನ್ನು ಅದರ ಚೀಲಕ್ಕೆ ಹಾಕುತ್ತಿದ್ದಾಗ ಮದುಮಗಳು ನೀರು ಕುಡಿಯುವ ನೆಪದಲ್ಲಿ ನೆರಿಗೆ ಎತ್ತಿಕೊಂಡು ನನ್ನ ಹತ್ತಿರ ಬಂದಳು. ಚಿಕ್ಕವಳಿದ್ದಾಗಿನಿಂದ ನೋಡಿದ ಹುಡುಗಿ. ಹೊಗಳಲು ಬಂದಳೆಂದುಕೊಂಡು ನಗುಮುಖ ಸಿದ್ಧಮಾಡಿಕೊಂಡೆ.

"ಅಂಕಲ್, ನಮ್ಮಪ್ಪನ ಮೈಕ್ ಯಾಕ್ ಆಫ್ ಮಾಡಿದ್ರಿ?"

"ಆಫ್ ಎಲ್ಲಮ್ಮ ಮಾಡ್ದೆ? ಆನ್ ಇತ್ತಲ್ಲ. ನೀನೇ ಕೇಳಿದ್ಯಲ್ಲ, ಎಲ್ಲಾ ಎಷ್ಟ್ ಹೊಗಳಿದ್ರು..."

"ಸುಳ್ಳ್ ಹೇಳ್ಬೇಡಿ ಅಂಕಲ್." ದನಿ ಏರಿಸಲಿಲ್ಲ. "ದಿನಾ ಬೆಳಗ್ಗೆ ಅದನ್ನ ಕೇಳ್ಕೊಂಡೇ ಏಳೋಳು ನಾನು. ಆ ಉದ್ದದ ಸ್ವರಕ್ಕೆ ಅಪ್ಪನಿಗೆ ದಮ್ ಸಾಲಲ್ಲ. ಮಧ್ಯದಲ್ಲಿ ಒಂದ್ಸಲ ನಿಲ್ಲಿಸಿ ಉಸಿರು ತಗೋತಾರೆ. ಇವತ್ತು ತಗೊಳ್ಳೇ ಇಲ್ಲ."

ನಾನು ವೈರು ಸುತ್ತುವುದನ್ನು ನಿಲ್ಲಿಸಿದೆ. ಬಟನ್ನಿನ ಕಥೆ ಹೇಳಿದೆ, ಅರ್ಧ ಮನೆಯ ಕಥೆ ಹೇಳಿದೆ, ತಪ್ಪು ನನ್ನದು ಕಣಮ್ಮ ಅಂದೆ. ಇಡೀ ಛತ್ರಕ್ಕೆ ಹೇಳಬೇಕಾದ್ದನ್ನು ಒಬ್ಬಳಿಗೆ, ಅದೂ ಕಂಬದ ಮರೆಯಲ್ಲಿ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮೊದ್ಲು ಬಂತಲ್ಲ, ಎಲ್ರೂ ಮುಖ ಕಿವುಚಿದ್ರಲ್ಲ, ಅದೊಂದೇ ಅಪ್ಪಂದು ಅಲ್ವಾ?"

"ಹೂಂ ಕಣಮ್ಮ."

"ನಾನ್ ಕೇಳಿದ್ದು ಅದೊಂದೇ." ಕಣ್ಣು ತುಂಬಿತು. ಕಾಡಿಗೆ ಕೆಡಬಾರದೆಂದು ತಲೆ ಹಿಂದಕ್ಕೆ ಮಾಡಿ, ಚಾವಣಿ ನೋಡುತ್ತ, "ನಂಗೆ ಗೊತ್ತಾಯ್ತು ಅಂತ ಅಪ್ಪಂಗೆ ಹೇಳ್ಬೇಡಿ" ಎಂದು ಹೊರಟುಬಿಟ್ಟಳು.

ಅಷ್ಟರಲ್ಲಿ ಫೋಟೋಗ್ರಾಫರು ಹೆಣ್ಣಿನ ಮನೆಯವರನ್ನು ಮಂಟಪಕ್ಕೆ ಕರೆದರು. ಅಪ್ಪ, ಮಗಳು ಅಕ್ಕಪಕ್ಕ ನಿಂತರು. ಫೋಟೋಗ್ರಾಫರಿಗೆ ಕೊಳಲು ಕಣ್ಣಿಗೆ ಬಿತ್ತು. "ಸಾರ್, ಅದನ್ನ ತುಟಿಗಿಟ್ಕೊಳ್ಳಿ, ಸೂಪರಾಗಿರುತ್ತೆ" ಅಂದರು. ಅವನು ಇಟ್ಟುಕೊಂಡ. "ಊದ್ಬೇಡಿ ಸಾರ್, ಮೂತಿ ಸೊಟ್ಟ ಬರುತ್ತೆ. ಸುಮ್ನೆ ಇಟ್ಕೊಳ್ಳಿ, ಸಾಕು."

ಅವನು ಹಾಗೇ ಸುಮ್ಮನೆ ಇಟ್ಟುಕೊಂಡು ನಿಂತ. ಆ ಸಂಜೆಯಲ್ಲಿ ಅದು ಅವನಿಗೆ ಚೆನ್ನಾಗಿ ರೂಢಿಯಾಗಿತ್ತು.

ಮಗಳು ಅವನ ಮೊಣಕೈ ಹಿಡಿದುಕೊಂಡಳು. "ನೀನು ಊದಪ್ಪ" ಅಂದಳು.

"ಏಯ್, ಫೋಟೋ ಕಣವ್ವ..."

"ಊದಪ್ಪ ನೀನು."

ಮೈಕಿರಲಿಲ್ಲ, ಎಕೋ ಇರಲಿಲ್ಲ, ನನ್ನ ಪೆಟ್ಟಿಗೆಯ ಜಿಪ್ಪು ಹಾಕಿಯಾಗಿತ್ತು. ಊಟದ ಮನೆಯ ಗದ್ದಲ ಬೇರೆ. ಅವನು ಊದಿದ. ಉದ್ದದ ಸ್ವರದಲ್ಲಿ ದಮ್ಮು ಸಾಲದೆ ನಡುವೆ ನಿಂತ, ಉಸಿರು ತಗೊಂಡ, ಮತ್ತೆ ಊದಿದ. ಐದನೆಯ ಸಾಲಿನ ಆಚೆಗೆ ಯಾರಿಗೂ ಕೇಳಿಸಿರಲಾರದು. ಸೋದರಮಾವನವರಂತೂ ಆಗಲೇ ಹೋಳಿಗೆಯ ಮುಂದೆ ಕೂತಿದ್ದರು.

ಆ ಫೋಟೋ ಮಗಳು ತನ್ನ ಗಂಡನ ಮನೆಯ ಗೋಡೆಗೆ ಹಾಕಿಸಿದ್ದಾಳೆ. ಅದರಲ್ಲಿ ಅವನ ಪೇಟ ವಾಲಿದೆ, ಕಣ್ಣು ಮುಚ್ಚಿದೆ, ಮೂತಿ ಸೊಟ್ಟಗಿದೆ. ಅವಳು ಅವನ ಬೆರಳುಗಳನ್ನೇ ನೋಡುತ್ತಿದ್ದಾಳೆ. ಇಡೀ ಆಲ್ಬಮ್ಮಿನಲ್ಲಿ ಕೆಟ್ಟು ಹೋದ ಫೋಟೋ ಇದೊಂದೇ, ಅದನ್ನೇ ಯಾಕೆ ದೊಡ್ಡದು ಮಾಡಿಸಿಕೊಂಡರು ಎಂದು ಫೋಟೋಗ್ರಾಫರು ಈಗಲೂ ಛತ್ರಗಳಲ್ಲಿ ಸಿಕ್ಕಾಗ ನನ್ನನ್ನು ಕೇಳುತ್ತಾರೆ.